ಹೊಗಳದ ಊರಿನ ಖಾನಾವಳಿ

ನಮ್ಮೂರಲ್ಲಿ ಊಟ ಮಾಡಿ ಎದ್ದವರು ಕೈ ತೊಳೆಯುತ್ತ ‘ಹೊಟ್ಟಿ ತುಂಬ್ತು’ ಅನ್ನುತ್ತಾರೆ. ಅಷ್ಟೇ. ಅದರ ಮುಂದೆ ಒಂದಕ್ಷರ ಹೊರಡುವುದಿಲ್ಲ. ಇಪ್ಪತ್ತಾರು ವರ್ಷದಿಂದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದೇನೆ. ನನ್ನ ಎಣಗಾಯಿ ಪಲ್ಯಕ್ಕೆ ಬೆರಳು ನೆಕ್ಕಿದವರನ್ನು ಕಣ್ಣಾರೆ ಕಂಡಿದ್ದೇನೆ, ‘ಪಲ್ಯ ಛಲೋ ಆಗೇತ್ರಿ ಅಕ್ಕಾರ’ ಎಂದು ಬಾಯಿಬಿಟ್ಟು ಅಂದವರನ್ನು ಮಾತ್ರ ಕಂಡಿರಲಿಲ್ಲ. ಹೊರಗಿನವರು ನೋಡಿದರೆ, ಇವರೆಂಥ ಜಿಪುಣರಪ್ಪಾ, ಒಂದು ಮಾತಿಗೂ ಗತಿಯಿಲ್ಲವೇ ಅಂದುಕೊಂಡಾರು. ಜಿಪುಣತನ ಅಲ್ಲ, ಹೆದರಿಕೆ.

ಒಂದು ಕಸುಬು ಬಲ್ಲವರು, ಅದನ್ನೇ ಕಲಿಯುತ್ತಿರುವವರ ಕೆಲಸ ನೋಡಿ ಮನಸಾರೆ ‘ಛಲೋ’ ಅಂದರೆ ಮುಗಿಯಿತು, ಕಸುಬು ಅಂದವರ ಕೈ ಬಿಟ್ಟು ಅನ್ನಿಸಿಕೊಂಡವರ ಕೈ ಸೇರುತ್ತದೆ. ಅರ್ಧ ಅಲ್ಲ, ಪಾಲು ಅಲ್ಲ, ಇಡಿಯಾಗಿ. ಮರುದಿನ ಅಂದವರು ಉಳಿ ಹಿಡಿದರೆ ಹಲಗೆ ಸೀಳುತ್ತದೆ, ಸೂಜಿ ಹಿಡಿದರೆ ಬೆರಳಿಗೆ ಚುಚ್ಚುತ್ತದೆ. ಹಾಗಂತ ಆ ಮಾತು ಬೀಳದೆ ಎಷ್ಟು ವರ್ಷ ತಿಣುಕಿದರೂ ಕಸುಬು ಪೂರಾ ಬರುವುದೂ ಇಲ್ಲ. ಸುಳ್ಳು ಮೆಚ್ಚುಗೆಯಿಂದ ಏನೂ ಆಗುವುದಿಲ್ಲ, ಕಸುಬು ಅರಿಯದವರ ಮೆಚ್ಚುಗೆಯಿಂದಲೂ ಏನೂ ಆಗುವುದಿಲ್ಲ. ಆದರೂ ಯಾವ ಗಳಿಗೆಯಲ್ಲಿ ಬಾಯಿಂದ ಏನು ಜಾರುತ್ತದೋ ಎಂಬ ಅಂಜಿಕೆಗೆ ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿದೆ. ತಾಯಂದಿರು ಮಕ್ಕಳ ರಂಗೋಲಿ ನೋಡಿ ‘ಒರಸು, ಇನ್ನೊಮ್ಮಿ ಹಾಕು’ ಅನ್ನುತ್ತಾರೆ. ಹೊಸ ಮನೆ ಕಟ್ಟಿದ ಗೌಂಡಿಗೆ ‘ಬಾಗಲಾ ತಗದ್ರ ತಗೀತೈತಿ’ ಅಂದರೆ ಅದೇ ದೊಡ್ಡ ಸನ್ಮಾನ. ಬಡಗಿ ಈರಪ್ಪ ಮಗನ ಮದುವೆಯ ಹಿಂದಿನ ದಿನ, ಮಗ ಮಾಡಿದ ಮಂಚ ನೋಡಿ ಆ ಮಾತು ಅಂದುಬಿಟ್ಟ. ಆಮೇಲೆ ಒಂಬತ್ತು ವರ್ಷ ಬದುಕಿದ್ದ. ಕಟ್ಟೆಯ ಮೇಲೆ ಕೂತು ದಾರಿಯಲ್ಲಿ ಹೋಗುವ ಗಾಡಿಗಳ ಚಕ್ರ ನೋಡುವುದಷ್ಟೇ ಅವನ ಕೆಲಸವಾಗಿತ್ತು.

ನನಗೆ ರೊಟ್ಟಿ ಬಂದದ್ದು ನಮ್ಮವ್ವನಿಂದ. ಅವಳು ಹಾಸಿಗೆ ಹಿಡಿದು ಹದಿಮೂರನೆಯ ದಿನ, ನಾನು ಬಡಿದ ರೊಟ್ಟಿಯ ಚೂರು ಹಾಲಿನಲ್ಲಿ ನೆನೆಸಿ ಬಾಯಿಗಿಟ್ಟೆ. ಅವಳು ಅದನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ‘ಛಲೋ ಆಗೇತಬೇ’ ಅಂದಳು. ನನಗಾಗ ಮೂವತ್ತೆರಡು. ಹುಟ್ಟಿದಾಗಿನಿಂದ ನಮ್ಮವ್ವ ನನಗೆ ಅಂದ ಒಳ್ಳೆಯ ಮಾತು ಅದೊಂದೇ. ಅದಕ್ಕೆ ಸಂತೋಷಪಡಬೇಕೋ, ಅವ್ವ ಇನ್ನು ಬದುಕುವುದಿಲ್ಲ ಎಂದು ಒಪ್ಪಿಕೊಂಡಳಲ್ಲಾ ಎಂದು ಅಳಬೇಕೋ ತಿಳಿಯದೆ ಹಂಚಿನ ಮುಂದೆ ಹೋಗಿ ಕೂತೆ. ಅವತ್ತಿನಿಂದ ನನ್ನ ಕೈಯಲ್ಲಿ ಒಂದು ರೊಟ್ಟಿಯೂ ಹರಿದಿರಲಿಲ್ಲ.

ಕೆಲವರು ಹಾಗೆ ಕೊಟ್ಟು ಹೋದರು. ಹಲವರು ನಾಳೆ ಅಂದರಾಯಿತು, ನಾಡಿದ್ದು ಅಂದರಾಯಿತು ಎಂದು ಮುಂದೂಡಿ, ಮಾತು ಗಂಟಲಲ್ಲೇ ಇಟ್ಟುಕೊಂಡು ಸತ್ತರು. ಕಸುಬು ಪಡೆದ ಕೆಲವರು ಹೊಳೆ ದಾಟಿ ದೊಡ್ಡ ಊರುಗಳಿಗೆ ಹೋದರು, ಅವರ ಜೊತೆ ಕಸುಬೂ ಹೋಯಿತು. ಹೀಗಾಗಿ ಊರಲ್ಲಿ ಕೈಗಳು ಕಡಿಮೆಯಾಗುತ್ತಾ ಬಂದವೇ ಹೊರತು ಹೆಚ್ಚಾಗಲಿಲ್ಲ. ಈಗ ಇಡೀ ಊರಿಗೆ ಅಂಗಿ ಹೊಲಿಯಲು ಬರುವುದು ಮೌಲಾಸಾಬನೊಬ್ಬನಿಗೆ. ನಲ್ಲಿ ರಿಪೇರಿ ಮಾಡುವವನು ಒಬ್ಬ, ಅವನನ್ನು ಕರೆಯಲು ಹೋದವರು ಅವನ ಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂತು ಕಾಯಬೇಕು. ಅವನು ಕೇಳಿದ್ದೇ ರೇಟು. ಎದುರಿನ ಸಾಲಿನಲ್ಲಿ ಗುರುಬಸಪ್ಪನ ಖಾನಾವಳಿ ಇತ್ತು, ನನಗಿಂತ ಹಳೆಯದು. ಅವನ ರೊಟ್ಟಿಯವಳು ನಿಂಬೆವ್ವ ಒಂದು ಬೆಳಿಗ್ಗೆ ಹಿಟ್ಟು ನಾದುತ್ತಲೇ ಕುಸಿದಳು, ಮಾತು ಯಾರಿಗೂ ಕೊಡದೆ. ಗುರುಬಸಪ್ಪ ಆರು ವಾರ ಅನ್ನ ಸಾರು ಬಡಿಸಿ ನೋಡಿದ. ಜೋಳದ ರೊಟ್ಟಿ ತಿಂದ ಬಾಯಿಗಳು ಅಲ್ಲಿ ಕೂರಲಿಲ್ಲ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾನೆ.

ಉಳಿದದ್ದು ನಾನು. ಅವನ ಗಿರಾಕಿಗಳೂ ನನ್ನ ಬಾಗಿಲಿಗೇ ಬಂದರು. ಬರಲಿ, ಆದರೆ ಕೈ ಎರಡೇ ಅಲ್ಲವೇ? ಜೋಳದ ದರ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಗ್ಯಾಸ್ ಸಿಲಿಂಡರು ತಿಂಗಳಿಗೊಮ್ಮೆ ಏರುತ್ತಿತ್ತು, ಇಳಿದದ್ದು ನಾನರಿಯೆ. ಊಟದ ದರ ಐದು ರೂಪಾಯಿ ಏರಿಸಿದರೆ ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಅದೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ನನ್ನ ಬಲಗೈ ಮಣಿಕಟ್ಟು. ಸಂಜೆಯಾದರೆ ಬಾತುಕೊಂಡು ಬಳೆ ಸರಿಯುತ್ತಿರಲಿಲ್ಲ. ಇನ್ನೊಂದು ಕೈ ಬೇಕೇ ಬೇಕಾಗಿತ್ತು.

ಕಲಿಯಲು ಬಂದವರಿಗೇನು ಕೊರತೆ ಇರಲಿಲ್ಲ. ಐದು ವರ್ಷದಲ್ಲಿ ನಾಲ್ವರು ಹೆಣ್ಣುಮಕ್ಕಳು ಬಂದರು, ನಾಲ್ವರೂ ಹೋದರು. ನಾನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಸಂಬಳ ತಡಮಾಡಿದವಳೂ ಅಲ್ಲ. ಆದರೆ ದಿನವಿಡೀ ಬೆವರು ಸುರಿಸಿದವರು ಸಂಜೆ ನನ್ನ ಮುಖ ನೋಡಿದಾಗ ನಾನು ಗೋಡೆ ನೋಡುತ್ತಿದ್ದೆ. ಕೊನೆಯವಳು ಹೋಗುವಾಗ, ‘ಅಕ್ಕಾರ, ಕಲ್ಲಿನ ಮುಂದ ಕುಂತು ರೊಟ್ಟಿ ಬಡದಂಗಾತ್ರಿ’ ಅಂದಳು. ನಾನು ಅದಕ್ಕೂ ಗೋಡೆ ನೋಡಿದೆ.

ಆಗ ಬಂದವಳು ರಾಚವ್ವ. ಹೊಳೆಯಾಚೆಯವಳು, ನಲವತ್ತರ ಆಸುಪಾಸು. ಈರುಳ್ಳಿ ಆರಿಸುವ ಗೋದಾಮಿನಲ್ಲಿ ಕೆಲಸವಿತ್ತಂತೆ, ಅಲ್ಲಿಗೆ ಯಂತ್ರ ಬಂತು, ಇವಳು ಗಂಟುಮೂಟೆ ಕಟ್ಟಿ ಬಸ್ಸು ಹತ್ತಿದಳು. ಗಂಡ ಅಂತ ಒಬ್ಬನಿದ್ದ, ಎಲ್ಲಿದ್ದಾನೋ ಅವಳಿಗೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಉಮೇದೂ ಇರಲಿಲ್ಲ. ಬಸ್ಸಿಳಿದು ಹಸಿವಾಗಿ ನನ್ನಲ್ಲಿ ಊಟಕ್ಕೆ ಕೂತಳು. ಎರಡನೆಯ ತುತ್ತಿಗೇ ತಲೆಯೆತ್ತಿ, ಇಡೀ ಖಾನಾವಳಿಗೆ ಕೇಳುವ ಹಾಗೆ, ‘ಯವ್ವಾ! ಏನ್ ರೊಟ್ಟಿ ಬಡದೀರ್ರೀ! ಇಷ್ಟ ಛಲೋ ರೊಟ್ಟಿ ನಾ ಹುಟ್ಟಿದಾಗಿಂದ ತಿಂದಿಲ್ಲ’ ಅಂದಳು.

ಮೂವತ್ತು ಜನ ಬಾಯಿಗಿಡುತ್ತಿದ್ದ ತುತ್ತನ್ನು ಹಾಗೇ ಹಿಡಿದು ಅವಳನ್ನು ನೋಡಿದರು. ಪಾತ್ರೆ ತೊಳೆಯುವ ದ್ಯಾಮವ್ವನ ಕೈಯಿಂದ ತಾಟು ಜಾರಿತು. ನಾನು ಸಿಲಿಂಡರ್ ಬಂದಂತಾಯಿತು ಎಂದು ಏನೋ ಗೊಣಗಿ ಹಿತ್ತಿಲಿಗೆ ಹೋದೆ, ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಇಷ್ಟು ವರ್ಷ ಬೇಡದಿದ್ದ ಒಂದು ಮಾತು ಇವತ್ತು ಯಾಕೆ ಹೀಗೆ ಅಳಿಸಿತು ಎಂದು ನನಗೇ ತಿಳಿಯಲಿಲ್ಲ. ಮುಖ ತೊಳೆದುಕೊಂಡು ಬಂದು, ‘ಕೆಲಸಾ ಬೇಕೇನ?’ ಎಂದು ಕೇಳಿದೆ. ಅವಳು ಕೇಳುವ ಮೊದಲೇ ನಾನು ಕೇಳಿದೆ, ನೋಡಿ ನನ್ನ ಆತುರ.

ಅವಳಿಗೆ ಹಿಂದಿನ ಕೋಣೆ ಕೊಟ್ಟೆ. ಅವತ್ತೇ ದ್ಯಾಮವ್ವನನ್ನು ಕರೆದು, ‘ಆಕೀಗೆ ನಮ್ಮೂರ ಸುದ್ದಿ ಹೇಳಬ್ಯಾಡ. ಮಾತು, ಕಸುಬು, ಯಾವದೂ’ ಅಂದೆ. ದ್ಯಾಮವ್ವ ಹನ್ನೆರಡು ವರ್ಷದಿಂದ ನನ್ನ ಮುಸುರೆ ತಿಕ್ಕುತ್ತಿರುವವಳು, ಮಾತು ಕಡಿಮೆ. ‘ಯಾಕ್ರಿ?’ ಅಂದಳು. ‘ಹೆದರಿ ಓಡಿ ಹೋದಾಳು’ ಅಂದೆ. ಅದು ಸುಳ್ಳು. ಹೇಳಿದರೆ ಅವಳೂ ನಮ್ಮಂತೆ ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂಬುದೇ ನನ್ನ ಭಯ. ಊರವರೂ ಹೇಳಲಿಲ್ಲ. ಹೊರಗಿನವರೆದುರು ಈ ಸುದ್ದಿ ತೆಗೆಯಲು ನಮಗೆಲ್ಲ ನಾಚಿಕೆ.

ಅವಳ ಬಾಯಿಗೆ ಬಿಡುವಿರಲಿಲ್ಲ. ‘ಚಟ್ನಿಪುಡಿ ಎಷ್ಟ ಘಮ್ಮನ್ನಾಕತ್ತೈತ್ರಿ’, ‘ಅಕ್ಕಾರ, ನಿಮ್ಮ ಕೈ ನೋಡಿಕೋತ ಕುಂದ್ರಬೇಕು ಅನಸ್ತೈತಿ’, ‘ದ್ಯಾಮಕ್ಕಾ, ತಾಟಿನ್ಯಾಗ ಮಾರಿ ಕಾಣತೈತಲ್ಲ, ಹೆಂಗ ತಿಕ್ಕೀದಿ’. ಮೌಲಾಸಾಬ ಬುತ್ತಿ ತಂದು ಅಂಗಡಿಯಲ್ಲೇ ಉಣ್ಣುವ ಮನುಷ್ಯ. ಒಂದು ದಿನ ಯಾವುದೋ ನೆವಕ್ಕೆ ಬಂದವನನ್ನು ನೋಡಿ ಅವಳು, ‘ಕಾಕಾ, ಈ ಅಂಗೀ ಕಾಲರ್ ನೀವ ಹೊಲದದ್ದೇನ್ರಿ? ಮದವೀ ಗಂಡು ಕಂಡಂಗ ಕಾಣಾಕತ್ತೀರಿ’ ಅಂದಳು. ಅರವತ್ತೆಂಟು ವರ್ಷದ ಮೌಲಾಸಾಬ ಕಿವಿಯವರೆಗೆ ಕೆಂಪಾದ. ಮರುದಿನದಿಂದ ಬುತ್ತಿ ಬಿಟ್ಟು ನನ್ನಲ್ಲಿಗೇ ಊಟಕ್ಕೆ ಬಂದ, ದಿನಕ್ಕೊಂದು ಅಂಗಿ ಹಾಕಿಕೊಂಡು. ನಲ್ಲಿಯವನು ಕರೆಯದೆಯೇ ಬಂದು ನನ್ನ ನಲ್ಲಿ ನೋಡಿದ. ಅರ್ಧ ಓಣಿ ಹಸಿವಿಲ್ಲದಿದ್ದರೂ ಬಂದು ಕೂರುತ್ತಿತ್ತು. ಎಲ್ಲರೂ ಅವಳ ಮಾತಿಗೆ ತಲೆ ತಗ್ಗಿಸಿ, ಏನೂ ಕೇಳಿಸಿಕೊಳ್ಳದವರಂತೆ ನಟಿಸಿ, ಕೇಳಿಸಿಕೊಂಡು ಹೋಗುತ್ತಿದ್ದರು.

ಕಲಿಯುವುದರಲ್ಲೂ ಅವಳು ಚುರುಕು. ಮೊದಲ ತಿಂಗಳು ಅಂಚು ಒಡೆಯುತ್ತಿತ್ತು. ಎರಡನೆಯ ತಿಂಗಳು ನಡುವೆ ದಪ್ಪ ಉಳಿಯುತ್ತಿತ್ತು. ನಾಲ್ಕನೆಯ ತಿಂಗಳ ಒಂದು ಮಂಗಳವಾರ ಅವಳು ಹಂಚಿಗೆ ಹಾಕಿದ ರೊಟ್ಟಿ, ನೀರು ಸವರಿ ತಿರುವಿದ ಕೂಡಲೇ, ಅಂಚಿನಿಂದ ಅಂಚಿಗೆ ಉಬ್ಬಿ ನಿಂತಿತು. ಹದ ಬಂದದ್ದು ಬಲ್ಲವರಿಗೆ ಗೊತ್ತಾಗುತ್ತದೆ. ಉಳಿದದ್ದು ನನ್ನ ಒಂದು ಮಾತು. ಅವಳು ಹಣೆಯ ಬೆವರು ಒರೆಸಿಕೊಂಡು, ‘ಹೆಂಗ ಆತ್ರಿ ಅಕ್ಕಾರ?’ ಅಂದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು ನಾಲಿಗೆ ಕಚ್ಚಿಕೊಂಡು, ‘ಇನ್ನೂ ಬರಬೇಕು’ ಅಂದೆ.

ಯಾಕೆ ಅಂದೆ ಎಂದು ಕೇಳಿದರೆ ಈಗ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹೆದ್ದಾರಿಯಲ್ಲಿ ಹೊಸ ಡಾಬಾ ಆಗಿತ್ತು, ರೊಟ್ಟಿಯವರಿಗೆ ಎರಡು ಪಟ್ಟು ಸಂಬಳ ಕೊಡುತ್ತೇವೆ ಎಂದು ಹುಡುಕುತ್ತಿದ್ದರು. ಕಸುಬು ಕೊಟ್ಟ ಮರುದಿನ ಇವಳು ಅಲ್ಲಿಗೆ ನಡೆದರೆ ನಾನು ಎರಡೂ ಕಡೆ ಕೆಡುತ್ತಿದ್ದೆ. ಇದನ್ನು ಯಾರಿಗಾದರೂ ಹೇಳಿಕೊಳ್ಳಬಹುದು. ಹೇಳಿಕೊಳ್ಳಲಾಗದ್ದು ಬೇರೆ. ರೊಟ್ಟಿ ಅವಳ ಕೈಗೆ ಹೋದರೆ ನನ್ನ ರೊಟ್ಟಿಯನ್ನು ಯಾರು ಹೊಗಳುತ್ತಾರೆ? ಬೆಳಿಗ್ಗೆ ಎದ್ದರೆ ಅವಳು ಇವತ್ತು ಏನನ್ನುತ್ತಾಳೆ ಎಂದು ಕಾಯುವುದು ನನಗೆ ರೂಢಿಯಾಗಿಬಿಟ್ಟಿತ್ತು. ಐವತ್ತೆಂಟು ವರ್ಷದ ಹೆಂಗಸು ನಾನು, ಒಂದು ಒಳ್ಳೆಯ ಮಾತಿಗೆ ಬಾಯಿಬಿಟ್ಟುಕೊಂಡು ಕೂತಿದ್ದೆ.

ಹೀಗೆ ಇನ್ನೂ ನಾಲ್ಕು ತಿಂಗಳು ತಳ್ಳಿದೆ. ಮಾತಿಲ್ಲದ್ದಕ್ಕೆ ಅವಳ ಕೈ ಅಲ್ಲೇ ನಿಂತಿತು. ಹತ್ತು ರೊಟ್ಟಿಗೆ ನಾಲ್ಕು ಹರಿಯುತ್ತಿದ್ದವು, ಹರಿದ ಪ್ರತಿಯೊಂದಕ್ಕೂ ಅವಳ ಮುಖ ಸಣ್ಣದಾಗುತ್ತಿತ್ತು. ನನ್ನ ಮಣಿಕಟ್ಟಿಗೆ ಬಟ್ಟೆ ಸುತ್ತಿ ಸುತ್ತಿ ಸಾಕಾಗಿತ್ತು. ಒಂದು ಗುರುವಾರ, ಸಂತೆಯ ದಿನ, ಹನ್ನೆರಡು ಗಂಟೆಗೆ ಕೈ ಮೇಲೇಳಲೇ ಇಲ್ಲ. ಬೆರಳು ಮಡಿಸಿದರೆ ಜೀವ ಹೋಗುತ್ತಿತ್ತು. ಬಾಗಿಲಲ್ಲಿ ನಲವತ್ತು ಜನ. ‘ಇವತ್ತ ರೊಟ್ಟಿ ಇಲ್ರಿ’ ಎಂದು ದ್ಯಾಮವ್ವ ಹೊರಗೆ ಹೇಳಿದ್ದು ಕೇಳಿಸಿತು. ಖಾನಾವಳಿ ಶುರುವಾದಂದಿನಿಂದ ಆ ಮಾತು ಆ ಬಾಗಿಲಲ್ಲಿ ಹುಟ್ಟಿರಲಿಲ್ಲ. ಎದುರಿನ ಮೊಬೈಲ್ ಕವರಿನ ಅಂಗಡಿಯಿಂದ ಗುರುಬಸಪ್ಪ ನನ್ನ ಬಾಗಿಲನ್ನೇ ನೋಡುತ್ತ ನಿಂತಿದ್ದ. ನಗಲಿಲ್ಲ ಪುಣ್ಯಾತ್ಮ. ನಕ್ಕಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ರಾಚವ್ವ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ‘ಹೋಗ್ತೇನ್ರಿ ಅಕ್ಕಾರ. ಸಿಟ್ಟ ಮಾಡ್ಕೋಬ್ಯಾಡ್ರಿ. ಎಂಟ ತಿಂಗಳಾತು, ನನ್ನ ಕೈಗೆ ಬರವಲ್ದು. ಇಂಥಾ ದಿನಾನೂ ನಿಮಗ ಉಪಯೋಗ ಆಗಲಿಲ್ಲ ನಾ. ಸುಮ್ನ ನಿಮ್ಮ ಅನ್ನಕ್ಕ ಭಾರ’ ಅಂದಳು. ಹೇಳುವಾಗ ಅವಳ ದನಿಯಲ್ಲಿ ದೂರು ಇರಲಿಲ್ಲ. ತನ್ನ ಕೈಗಳ ಮೇಲೇ ತನಗೆ ಬೇಸರ ಬಂದವಳ ದನಿ ಅದು.

‘ಒಂದ ರೊಟ್ಟಿ ಬಡಿ, ಹಸಿವಾಗೇತಿ’ ಅಂದೆ. ಅವಳು ಚೀಲ ಬದಿಗಿಟ್ಟು ಬಂದು ಕೂತಳು. ಬಿಸಿನೀರು ಸುರಿದು ಹಿಟ್ಟು ನಾದಿದಳು, ಉಂಡೆ ಮಾಡಿದಳು, ಬಡಿದಳು. ಅವತ್ತು ಹರಿಯಲಿಲ್ಲ. ಹಂಚಿನಿಂದ ನೇರ ನನ್ನ ತಾಟಿಗೆ ಹಾಕಿ, ಮೇಲೆ ಬೆಣ್ಣೆ ಇಟ್ಟು, ಈ ಸಲ ಏನೂ ಕೇಳದೆ ಸುಮ್ಮನೆ ನಿಂತಳು. ನಾನು ಎಡಗೈಯಿಂದ ಮುರಿದು ತಿಂದೆ. ‘ಛಲೋ ಆಗೇತಿ ರಾಚವ್ವಾ’ ಅಂದೆ. ‘ಭಾಳ ಛಲೋ ಆಗೇತಿ.’

ನಮ್ಮವ್ವನಿಗೆ ಆಗ ಏನಾಗಿತ್ತೋ ಅಂದು ನನಗೆ ತಿಳಿಯಿತು. ನೋವಾಗುವುದಿಲ್ಲ. ಹೆಸರು ಮರೆತುಹೋದಾಗ ಆಗುವ ಹಾಗೆ, ಇದ್ದದ್ದು ಇಲ್ಲ ಅನ್ನಿಸುತ್ತದೆ, ಅಷ್ಟೆ. ರಾಚವ್ವ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ನಕ್ಕಳು, ಅತ್ತಳು, ನನ್ನ ಬಾತ ಕೈಯನ್ನು ಕಣ್ಣಿಗೊತ್ತಿಕೊಂಡಳು. ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದಳು. ಮಣಿಕಟ್ಟು ವಾಸಿಯಾದ ಮೇಲೆ ಒಮ್ಮೆ, ಅವಳು ಸಂತೆಗೆ ಹೋದಾಗ, ಬಾಗಿಲು ಹಾಕಿಕೊಂಡು ಒಂದು ಉಂಡೆ ಬಡಿದು ನೋಡಿದೆ. ಮೂರು ಚೂರಾಯಿತು. ಅದನ್ನು ಕೂಡಿಸಿ ಉಂಡೆ ಮಾಡಿ ಹಿಟ್ಟಿನೊಳಗೇ ಸೇರಿಸಿದೆ.

ಅವಳು ಡಾಬಾಕ್ಕೆ ಹೋಗಲಿಲ್ಲ. ಅವರು ಜನ ಕಳಿಸಿದ್ದರು. ‘ನಮ್ಮ ಅಕ್ಕಾರನ್ನ ಬಿಟ್ಟು ಎಲ್ಲಿ ಹೋಗ್ಲೋ ಯಪ್ಪಾ’ ಎಂದು ವಾಪಸು ಅಟ್ಟಿದಳು. ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುತ್ತಿದ್ದಳು, ಒಂದೂ ಹರಿಯುತ್ತಿರಲಿಲ್ಲ. ಹಾಳಾಗುತ್ತಿದ್ದ ಹಿಟ್ಟು ಉಳಿದು ಜೋಳದ ದರದ ಪೆಟ್ಟು ಸ್ವಲ್ಪ ಕಡಿಮೆಯಾಯಿತು. ನಾನು ಪಲ್ಯ ನೋಡಿಕೊಂಡೆ. ಪಲ್ಯ ನನ್ನದೇ ಇತ್ತಲ್ಲ, ಅದನ್ನು ಅವಳು ದಿನಾ ಹೊಗಳುತ್ತಿದ್ದಳು. ಅಯ್ಯೋ, ಇಷ್ಟಕ್ಕೇ ನಾಲ್ಕು ತಿಂಗಳು ಹೆದರಿ ಸತ್ತೆನಲ್ಲಾ ಅಂದುಕೊಂಡೆ. ಎರಡು ತಿಂಗಳು ಹೀಗೆ ಸುಖವಾಗಿ ಹೋಯಿತು. ಅವಳಿಗೆ ಸುದ್ದಿ ಹೇಳಬೇಕೆಂದು ಒಮ್ಮೊಮ್ಮೆ ಹೊಳೆಯುತ್ತಿತ್ತು. ಈಗ ಅವಳ ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಹೊಗಳಿಕೆಯಿತ್ತು, ಎರಡೂ ಒಂದೇ ಕಡೆ ಇರುವುದು ನಮ್ಮೂರಲ್ಲಿ ಎಂಥ ಅಪಾಯ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಹೇಳಿದರೆ ಆ ಬಾಯಿ ಮುಚ್ಚುತ್ತದೆ. ಇವತ್ತು ಬೇಡ, ನಾಳೆ ಎಂದು ನಾನೂ ಮುಂದೂಡಿದೆ.

ಶ್ರಾವಣದ ಮೊದಲ ಸೋಮವಾರ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ರಾಚವ್ವ ಒಬ್ಬಳೇ ಬಡಿದು, ಬೇಯಿಸಿ ಸಾಕಾಗಿದ್ದಳು. ‘ದ್ಯಾಮಕ್ಕಾ, ನಾಕ ಉಂಡಿ ಬಡದ ಕೊಡ ಬಾ, ನಾ ಹಂಚ ನೋಡ್ಕೋತೇನಿ’ ಎಂದು ಕರೆದಳು. ನಾನು ಬಡಿಸುತ್ತಿದ್ದವಳು ತಿರುಗಿ ನೋಡಿದಾಗ ದ್ಯಾಮವ್ವ ಆಗಲೇ ಕೈಯೊರೆಸಿಕೊಂಡು ಕೂತಿದ್ದಳು. ಹನ್ನೆರಡು ವರ್ಷ ಮೂಲೆಯಲ್ಲಿ ಮುಸುರೆ ತಿಕ್ಕುತ್ತ ನನ್ನ ಕೈ ನೋಡಿದವಳು. ಮನೆಯಲ್ಲಿ ಎಷ್ಟು ಬಡಿದು ಬಡಿದು ಕಲಿತಿದ್ದಳೋ, ಯಾರು ಕೇಳಿದ್ದರು? ಅವಳು ಬಡಿದ ರೊಟ್ಟಿಯನ್ನು ರಾಚವ್ವ ಹಂಚಿಗೆ ಹಾಕಿ, ನೀರು ಸವರಿ, ತಿರುವಿದಳು. ಅದು ಉಬ್ಬಿತು. ಅಂಚಿನಿಂದ ಅಂಚಿಗೆ. ರಾಚವ್ವ ಕಣ್ಣರಳಿಸಿ ದ್ಯಾಮವ್ವನ ಕಡೆ ತಿರುಗಿದಳು, ಮುಖದ ತುಂಬಾ ನಗು, ‘ಯವ್ವಾ ದ್ಯಾಮಕ್ಕಾ! ಎಷ್ಟ...’

ಸಾರಿನ ಬಕೆಟ್ಟು ಅಲ್ಲೇ ಬಿಟ್ಟೆ. ಮೂರು ಜನರ ಕಾಲು ತುಳಿದು ಹೋಗಿ ಅವಳ ಬಾಯಿಗೆ ಕೈ ಒತ್ತಿಬಿಟ್ಟೆ. ನನ್ನ ಕೈಯೆಲ್ಲ ಪಲ್ಯದ ಎಣ್ಣೆ, ಅವಳ ಮೂಗು ಗಲ್ಲಕ್ಕೆಲ್ಲ ಮೆತ್ತಿತು. ಅವಳು ಉಸಿರು ಕಟ್ಟಿ ಕಣ್ಣು ಕಣ್ಣು ಬಿಟ್ಟಳು. ‘ಅನಬ್ಯಾಡ, ಅನಬ್ಯಾಡ’ ಎಂದು ನಾನು ಅರಚುತ್ತಿದ್ದೆನಂತೆ. ಏನು ನಡೆಯಿತೆಂದು ರಾಚವ್ವನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ದ್ಯಾಮವ್ವ ಎದ್ದು ನಿಂತಳು. ‘ಆಕೀ ಕಸಬು ಕಸಗೊಳ್ಳಾಕ ಕುಂತಿದ್ದಿಲ್ರಿ ನಾ’ ಅಂದಳು. ‘ಹನ್ನೆರಡ ವರ್ಷಾತು. ನನಗೂ ಒಂದ ಮಾತ ಕೇಳಬೇಕ ಅನಸಿತ್ತು. ಅಷ್ಟ.’ ಸೆರಗಿಗೆ ಕೈಯೊರೆಸಿ ಮತ್ತೆ ಮೂಲೆಗೆ ಹೋಗಿ ಪಾತ್ರೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಜನ ಹೋದ ಮೇಲೆ ರಾಚವ್ವನನ್ನು ಕೂರಿಸಿಕೊಂಡು ಎಲ್ಲಾ ಹೇಳಿದೆ. ಮಾತಿನಿಂದ ಕಸುಬು ಹೋಗುವುದು, ಬರುವುದು, ನಮ್ಮವ್ವ, ಈರಪ್ಪ, ನಿಂಬೆವ್ವ. ಅವಳು ಹಂಚಿನ ಕರಿ ಕೆರೆಯುತ್ತ ಕೇಳಿದಳು. ಮೊದಲು ನಂಬಲಿಲ್ಲ, ‘ನಿಮ್ಮೂರಾಗ ಏನೇನ ಇರತೈತ್ರಿ’ ಎಂದು ನಗಲು ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಎರಡು ತಿಂಗಳಿಂದ ನಾನು ಹಂಚಿನ ಹತ್ತಿರ ಸುಳಿಯದೆ ಇದ್ದುದಕ್ಕೆ ನೋವೇ ಕಾರಣ ಎಂದುಕೊಂಡಿದ್ದಳಂತೆ.

‘ಹಂಗಾರ ನಿಮ್ಮ ಕೈಯಾಗಿಂದು ನನಗ ಕೊಟ್ಟ್ರೇನ್ರಿ?’ ಅಂದಳು. ಅವಳ ಕಣ್ಣು ತುಂಬಿತು. ಇಲ್ಲಿಗೇ ನಿಲ್ಲಲಿ ದೇವರೇ ಎಂದು ನಾನು ಅಂದುಕೊಂಡೆ. ನಿಲ್ಲಲಿಲ್ಲ. ಅವಳು ದಡ್ಡಿ ಅಲ್ಲ. ಕೆರೆಯುವ ಕೈ ತಡೆದು ಯೋಚಿಸಿದಳು. ‘ನನ್ನ ರೊಟ್ಟಿ ಅವತ್ತ ಮೊದಲನೇ ಸಲ ಉಬ್ಬಿತ್ತಲ್ರಿ, ಮಂಗಳವಾರ. ಅವತ್ತ ಬಂದಿತ್ತೇನ್ರಿ?’

ಸುಳ್ಳು ಹೇಳಬಹುದಿತ್ತು. ಹೇಳಿ ಹೇಳಿ ನನಗೂ ಸಾಕಾಗಿತ್ತು. ‘ಬಂದಿತ್ತು’ ಅಂದೆ.

‘ನಾಕ ತಿಂಗಳ?’

‘ಹೂಂ.’

‘ನಾಕ ತಿಂಗಳ ನಾ ಹರದ ರೊಟ್ಟಿ ಮುಂದ ಕುಂತು, ನನ್ನ ಕೈಗೇ ನಾ ಬೈಕೊಂಡೇನ್ರಿ ಅಕ್ಕಾರ. ನೀವು ನೋಡಿಕೋತ ಕುಂತಿದ್ರಿ.’

‘ನೀ ಹೊಗಳೂದು ನಿಂತೀತು ಅಂತ ಅಂಜಿದೆ’ ಅಂದೆ. ಬಾಯಿಂದ ಹೊರಬಿದ್ದ ಮೇಲೆ ಅದೆಷ್ಟು ಸಣ್ಣ ಮಾತು ಅನ್ನಿಸಿತು. ಅವಳು ಹಂಚು ತೊಳೆದು ಗೋಡೆಗಾನಿಸಿ ತನ್ನ ಕೋಣೆಗೆ ಹೋದಳು.

ಬೆಳಿಗ್ಗೆ ಎದ್ದಾಗ ಅವಳ ಸೀರೆಗಳು ಹಗ್ಗದ ಮೇಲೇ ಇದ್ದವು. ಜೀವ ಬಂದಂತಾಯಿತು. ಒಳಗೆ ಹೋದರೆ ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆಯೆತ್ತದೆ, ‘ಡಾಬಾದವರು ಎಷ್ಟ ಕೊಡ್ತೇವಿ ಅಂದಾರೋ ಅಷ್ಟ ಕೊಡ್ರಿ. ಇಲ್ಲೇ ಇರ್ತೇನಿ’ ಅಂದಳು. ಅದು ಎರಡು ಪಟ್ಟು. ಊರಿನ ನಲ್ಲಿಯವನು ಹೇಗೆ ಕೇಳುತ್ತಾನೋ ಹಾಗೆ ಕೇಳಿದಳು, ಚೌಕಾಸಿಗೆ ಎಡೆಯಿಲ್ಲದೆ. ನಾನು ಹೂಂ ಅಂದೆ. ಊಟಕ್ಕೆ ಮತ್ತೆ ಹತ್ತು ರೂಪಾಯಿ ಏರಿಸಿ ಹಲಗೆಯ ಮೇಲೆ ಬರೆದೆ. ಗಿರಾಕಿಗಳು ಗೊಣಗಿದರು, ಗೊಣಗಿ ಕೂತರು. ಬೇರೆ ಎಲ್ಲಿಗೆ ಹೋಗುತ್ತಾರೆ?

ಅವತ್ತು ಮೌಲಾಸಾಬ ತಿಳಿನೀಲಿ ಅಂಗಿ ಹಾಕಿಕೊಂಡು ಬಂದಿದ್ದ, ಜೇಬಿಗೆ ಹೊಸ ತರದ ಹೊಲಿಗೆ. ರೊಟ್ಟಿ ಹಾಕಲು ಬಂದ ರಾಚವ್ವನೆದುರು ಎದೆ ಸ್ವಲ್ಪ ಮುಂದೆ ಮಾಡಿ ಕೂತ. ಹೊಲಿಗೆಯ ಕಸುಬು ಅವಳಿಗಿಲ್ಲ, ಹೊಗಳಿದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಅವಳು ರೊಟ್ಟಿ ಹಾಕಿ ಮುಂದಿನ ತಾಟಿಗೆ ಹೋದಳು. ಅವನು ಉಂಡು, ಕೈ ತೊಳೆದು, ‘ಹೊಟ್ಟಿ ತುಂಬ್ತು’ ಎಂದು ನನಗೆ ಹೇಳಿ ಹೋದ. ವಾರ ಕಳೆದ ಮೇಲೆ ಮತ್ತೆ ಬುತ್ತಿ ಕಟ್ಟಿಕೊಂಡು ಅಂಗಡಿಯಲ್ಲೇ ಉಣ್ಣತೊಡಗಿದ.

ಖಾನಾವಳಿ ಚೆನ್ನಾಗಿ ನಡೆಯುತ್ತಿದೆ. ಮುಚ್ಚುತ್ತದೆ ಎಂಬ ಭಯವಿಲ್ಲ. ರಾಚವ್ವ ನನ್ನೊಡನೆ ಸಿಟ್ಟಿನಿಂದ ಇಲ್ಲ, ಜ್ವರ ಬಂದರೆ ಗಂಜಿ ಕಾಸಿ ಕೊಡುತ್ತಾಳೆ, ಹಬ್ಬಕ್ಕೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ. ಪಲ್ಯದಲ್ಲಿ ಉಪ್ಪು ಕಡಿಮೆಯಾದರೆ ‘ಉಪ್ಪ ಕಡಿಮಿ’ ಅನ್ನುತ್ತಾಳೆ. ಸರಿಯಾಗಿದ್ದರೆ ಏನೂ ಅನ್ನುವುದಿಲ್ಲ. ನಮ್ಮೂರಿನವಳೇ ಆಗಿದ್ದಾಳೆ.

ಮೊನ್ನೆ ಜನವೆಲ್ಲ ತುಂಬಿದ ಹೊತ್ತಿನಲ್ಲಿ ನಾನೂ ಒಂದು ತಾಟು ಹಾಕಿಕೊಂಡು ಅವರ ಸಾಲಿನಲ್ಲೇ ಉಣ್ಣಲು ಕೂತೆ. ರೊಟ್ಟಿ ಮುರಿದು ಬಾಯಿಗಿಟ್ಟಾಗ ಹೊಳೆಯಿತು. ನನ್ನ ಕೈಯಲ್ಲಿ ಈಗ ಹೋಗಲು ಏನೂ ಉಳಿದಿಲ್ಲ. ಈ ರೊಟ್ಟಿಯನ್ನು ನಾನು ಎಷ್ಟು ಬೇಕಾದರೂ ಹೊಗಳಬಹುದು. ‘ರಾಚವ್ವಾ, ರೊಟ್ಟಿ ಭಾಳ ಛಲೋ ಆಗ್ಯಾವಬೇ!’ ಎಂದು ಕೂತಲ್ಲಿಂದಲೇ ಕೂಗಿದೆ. ತಾಟುಗಳ ಸದ್ದು ನಿಂತಿತು. ಮೂಲೆಯಲ್ಲಿ ದ್ಯಾಮವ್ವ ಬೂದಿಗೈ ಹಾಗೇ ಹಿಡಿದು ನೋಡಿದಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ತಡೆಯಿತು. ನಾನು ಕಿವಿಗೊಟ್ಟು ಕೂತೆ. ಆಮೇಲೆ ಮತ್ತೆ ಶುರುವಾಯಿತು, ಅದೇ ವೇಗದಲ್ಲಿ.

ಈಗ ದಿನಾ ಕೂಗುತ್ತೇನೆ. ಗಿರಾಕಿಗಳಿಗೆ ಅಭ್ಯಾಸವಾಗಿ ತಲೆಯೆತ್ತುವುದನ್ನೂ ಬಿಟ್ಟಿದ್ದಾರೆ. ಒಳಗಿನಿಂದ ಇದುವರೆಗೆ ಒಂದು ಮಾತೂ ಬಂದಿಲ್ಲ.